ಹೆಗಲ ಮೇಲಿನ ಹಸಿರು

ಸೋಮವಾರ ಮಂಡ್ಯದಲ್ಲಿ ಒಂದು ರೈತರ ಸಭೆಗೆ ಹೋಗಿದ್ದೆ. ಬಾಗಿಲಲ್ಲೇ ಹುಡುಗರು ನಿಂತು ಬಂದವರಿಗೆಲ್ಲ ಹೊಸ ಹಸಿರು ಶಾಲು ಹೊದಿಸುತ್ತಿದ್ದರು. ನನ್ನ ಮುಂದಿದ್ದ ಅಜ್ಜ ಕೈ ಅಡ್ಡ ಹಿಡಿದರು. ಅವರ ಹೆಗಲ ಮೇಲೆ ಆಗಲೇ ಒಂದು ಶಾಲು ಇತ್ತು. ಬಣ್ಣ ಹೋಗಿತ್ತು, ಅಂಚು ಹರಿದಿತ್ತು.

"ಹಳೇದು ಚೆನ್ನಾಗಿ ಕಾಣಲ್ಲ ತಾತ, ಫೋಟೋಗೆ ಇದನ್ನ ಹಾಕ್ಕೊಳ್ಳಿ" ಅಂದ ಹುಡುಗ.

"ಶಾಲು ಹಾಕ್ಕಂಡು ಜೈಲಿಗೋದೋನು ಕಣ್ ಮಗ ನಾನು. ಫೋಟೋಗಲ್ಲ."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಹೇಳಿದ ಕೆಲಸ ಮಾಡುತ್ತಿದ್ದ. ಅವನನ್ನು ಅಲ್ಲಿ ನಿಲ್ಲಿಸಿದವರ ಮೇಲಿದೆ. ಸಭೆ ಮುಗಿದ ಮೇಲೆ ಶಾಲುಗಳನ್ನು ಎಣಿಸಿ ವಾಪಸ್ ಇಸ್ಕೊಂಡರು! ಕಬ್ಬಿನ ಬಾಕಿ ಏನಾಯ್ತು ಅಂತ ಎದ್ದು ಕೇಳಿದ್ದು ಆ ಅಜ್ಜ ಒಬ್ಬರೇ. ಉತ್ತರ ಬರಲಿಲ್ಲ.

"ಫೋಟೋಗಲ್ಲ." ವಾರವೆಲ್ಲ ಆ ಮಾತು ಕಿವಿಯಲ್ಲೇ ಇದೆ.

ನಮ್ಮ ಕಡೆ ಹೆಗಲ ಮೇಲಿನ ಬಟ್ಟೆ ಸಣ್ಣ ವಿಷಯ ಅಲ್ಲ. ಊರ ದೊಡ್ಡವರು, ಸಾಹೇಬರು ಎದುರಾದರೆ ಟವಲ್ಲು ಇಳಿಸಿ ಸೊಂಟಕ್ಕೆ ಸುತ್ತಿಕೊಳ್ಳಬೇಕಿದ್ದ ಕಾಲ ಇತ್ತು. ದಲಿತರಿಗಂತೂ ಇನ್ನೂ ಕಷ್ಟ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು, ರೈತ ಸಂಘ ಹುಟ್ಟಿತು. ಸಂಘದ ನಾಯಕ ಪ್ರೊ. ನಂಜುಂಡಸ್ವಾಮಿಯವರ ಕಾಲದಲ್ಲಿ ಅದೇ ಹೆಗಲಿಗೆ ಹಸಿರು ಬಂತು. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಬೋರ್ಡುಗಳು ಎದ್ದವು. ಬಾಗಿಲ ಹೊರಗೆ ಕೈಕಟ್ಟಿ ನಿಲ್ಲುತ್ತಿದ್ದ ರೈತ ತಾಲ್ಲೂಕು ಆಫೀಸಿನಲ್ಲಿ ಕುರ್ಚಿ ಎಳೆದು ಕೂತ. ಆ ಧೈರ್ಯ ಕೇರಿಯ ತನಕ ಪೂರ್ತಿ ತಲುಪಲಿಲ್ಲ ಅನ್ನುವುದು ನನ್ನ ನೋವು. ಆದರೂ ಅದು ದೊಡ್ಡ ಬದಲಾವಣೆಯೇ.

ಆಮೇಲೆ ಎಲ್ಲ ಪಕ್ಷದವರಿಗೂ ಹಸಿರು ಬೇಕಾಯಿತು. 2018ರಲ್ಲಿ ಯಡಿಯೂರಪ್ಪನವರು ಹಸಿರು ಶಾಲು ಹೊದ್ದೇ ಪ್ರಮಾಣವಚನ ತೆಗೆದುಕೊಂಡರು. 2008ರಲ್ಲೂ ಅವರು ರೈತರ ಹೆಸರಿನಲ್ಲೇ ಪ್ರಮಾಣ ಮಾಡಿದ್ದರು. ಎರಡು ವಾರದೊಳಗೆ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು. ಒಬ್ಬರನ್ನೇ ದೂರಿ ಏನು ಪ್ರಯೋಜನ? ಚುನಾವಣೆ ಬಂದರೆ ಯಾವ ಪಕ್ಷದ ವೇದಿಕೆ ನೋಡಿದರೂ ಹಸಿರೇ ಅಲ್ವಾ?

ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ಬಟ್ಟೆ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಹೊದ್ದ ಮೇಲೆ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಸೇರಬೇಕು ಅನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಶಾಲು ಹೊದ್ದು ವೇದಿಕೆ ಹತ್ತುವವರು ಮೊದಲು ಅದರ ಲೆಕ್ಕ ಕೊಡಲಿ.