ದಪ್ಪ ಫೋರ್ಕ್ ಆಯಿಲ್ ಹಾಕಿ ಕೈ ನೋಯಿಸ್ಕೊಂಡಿದ್ದು

ನನ್ ಹಳೇ ಬೈಕು ಮುಂದಿನ ಬ್ರೇಕ್ ಹಿಡಿದ್ರೆ ಸಾಕು, ಮೂತಿ ನೆಲಕ್ಕೆ ಹಾಕ್ಬಿಡ್ತಿತ್ತು. ಫೋರ್ಕಲ್ಲಿರೋ (ಮುಂದಿನ ಚಕ್ರ ಹಿಡಿದಿರೋ, ಒಳಗೆ ಸ್ಪ್ರಿಂಗೂ ಆಯಿಲೂ ಇರೋ ಎರಡು ಕಾಲು) ಆಯಿಲ್ ತೆಳು ಆಗಿರ್ಬೇಕು ಅಂದ್ಕೊಂಡು 10 ಡಬ್ಲ್ಯೂ ತೆಗ್ದು ಅದಕ್ಕಿಂತ ದಪ್ಪ ಇರೋ 20 ಡಬ್ಲ್ಯೂ ಸುರಿದೆ. ಮೂತಿ ಬಗ್ಗೋದು ನಿಧಾನ ಆಯ್ತು ನಿಜ, ಆದ್ರೆ ಸಣ್ಣ ಗುಂಡಿಗೂ ಮುಂಗೈವರೆಗೂ ಏಟು, ಸಾಲಾಗಿ ನಾಲ್ಕು ಗುಂಡಿ ಬಂದ್ರಂತೂ ಫೋರ್ಕು ಮೇಲೆ ಬರೋಕೇ ಟೈಮ್ ಸಿಗದೆ ಹಾಗೇ ಕೆಳಗೇ ಕೂತ್ಬಿಡೋದು.

ನಂಗೆ ಆಮೇಲೆ ಹೊಳೆದಿದ್ದು ಏನಂದ್ರೆ, ಫೋರ್ಕು ಎಷ್ಟು ಬೇಗ ಇಳಿಯುತ್ತೆ ಅನ್ನೋದು ಮಾತ್ರ ಆಯಿಲ್ ಕೈಲಿರೋದು, ಎಷ್ಟು ಇಳಿಯುತ್ತೆ ಅನ್ನೋದು ಸ್ಪ್ರಿಂಗ್ ಕೈಲಿ. ಹಳೇ ಡ್ಯಾಂಪರ್ ರಾಡ್ ಫೋರ್ಕಲ್ಲಿ (ಒಳಗೆ ತೂತಿರೋ ಕೊಳವೆ ಇರೋ ಸರಳ ಫೋರ್ಕು) ಆಯಿಲ್ ಬರೀ ತೂತಲ್ಲಿ ನುಗ್ಗಬೇಕು, ವೇಗ ಡಬಲ್ ಆದ್ರೆ ತಡೆ ಹತ್ತತ್ರ ನಾಲ್ಕು ಪಟ್ಟು, ದಪ್ಪ ಆಯಿಲ್ ಗುಂಡೀಲಿ ಒದೆಯೋದು ಅದಕ್ಕೇ.

ಸರಿ ಅಂತ ಸ್ಯಾಗ್, ಅಂದ್ರೆ ನಾನು ಕೂತಾಗ ಭಾರಕ್ಕೆ ಫೋರ್ಕು ಎಷ್ಟು ಕುಸಿಯುತ್ತೆ ಅನ್ನೋದನ್ನ, ಅಳೆದೆ. ಫೋರ್ಕ್ ಪೈಪಿಗೆ ಒಂದು ಕೇಬಲ್ ಟೈ ಬಿಗಿದು, ಚಕ್ರ ನೆಲದಿಂದ ಎತ್ತಿದಾಗ ಎಲ್ಲಿದೆ, ನಾನು ಕೂತಾಗ ಎಲ್ಲಿಗೆ ಹೋಯ್ತು ನೋಡಿದ್ರೆ 53 ಮಿಮೀ! ಒಟ್ಟು ಓಡಾಟವೇ 120, ಅದರ ಕಾಲು ಭಾಗದಿಂದ ಮೂರರಲ್ಲೊಂದು ಭಾಗದೊಳಗೆ ಇರಬೇಕು ಸ್ಯಾಗು. ಸ್ಪ್ರಿಂಗ್ ಸೋತಿತ್ತು. ಪಿವಿಸಿ ಪೈಪಲ್ಲಿ ಹಳೇದಕ್ಕಿಂತ 15 ಮಿಮೀ ಉದ್ದ ಜಾಸ್ತಿ ಇರೋ ಸ್ಪೇಸರ್ (ಸ್ಪ್ರಿಂಗ್ ಮೇಲೆ ಕೂರೋ ಕೊಳವೆ ತುಂಡು) ಕೊಯ್ದು ಹಾಕಿದೆ, ಸ್ಯಾಗ್ 38ಕ್ಕೆ ಬಂತು. ಇದ್ರಿಂದ ಸ್ಪ್ರಿಂಗ್ ಗಟ್ಟಿ ಆಗಲ್ಲ, ಬೈಕ್ ಮೂತಿ ಸ್ವಲ್ಪ ಎತ್ತರಕ್ಕೆ ನಿಲ್ಲುತ್ತೆ ಅಷ್ಟೇ. (ಮೇಲಿನ ಕ್ಯಾಪ್ ಬಿಚ್ಚುವಾಗ ಮುಖ ಅಡ್ಡ ಇಡ್ಬೇಡಿ, ಸ್ಪ್ರಿಂಗ್ ಒತ್ತಡಕ್ಕೆ ಹಾರುತ್ತೆ.)

ಆಮೇಲೆ ಆಯಿಲು. ಡಬ್ಬಿ ಮೇಲಿನ ನಂಬರ್ ನಂಬ್ಬೇಡಿ, ಒಂದು ಕಂಪನಿ 10 ಡಬ್ಲ್ಯೂ ಇನ್ನೊಂದರ 10 ಡಬ್ಲ್ಯೂ ತರ ಇರಲ್ಲ, 40 ಡಿಗ್ರಿಲಿ ಎಷ್ಟು ಸೆಂಟಿಸ್ಟೋಕ್ಸ್ (ಎಣ್ಣೆ ಎಷ್ಟು ದಪ್ಪ ಅಂತ ಹೇಳೋ ಅಳತೆ) ಅಂತ ಡೇಟಾ ಶೀಟಲ್ಲಿ ನೋಡಿ ಹೋಲಿಸಿ. ಎಣ್ಣೆಯನ್ನೂ ಬರೀ ಮಿಲಿಲೀಟರ್ ಲೆಕ್ಕದಲ್ಲಿ ಸುರೀಬೇಡಿ, ಹಳೇ ಎಣ್ಣೆ ಒಳಗೆ ಸ್ವಲ್ಪ ಉಳಿದೇ ಇರುತ್ತೆ, ಎರಡು ಕಾಲೂ ಬೇರೆ ಬೇರೆ ಆಗುತ್ತೆ. ಸ್ಪ್ರಿಂಗ್ ತೆಗ್ದು, ಗಾಳಿ ಹೋಗೋವರೆಗೂ ಪಂಪ್ ಮಾಡಿ, ಫೋರ್ಕ್ ಪೂರ್ತಿ ಒತ್ತಿ ಹಿಡಿದು ಪೈಪ್ ಬಾಯಿಂದ ಎಣ್ಣೆವರೆಗಿನ ಗ್ಯಾಪ್ ಅಳೀರಿ. ಗ್ಯಾಪ್ ಕಮ್ಮಿ ಮಾಡಿದ್ರೆ ಕೊನೇ ಇಂಚಲ್ಲಿ ಗಾಳೀನೇ ಸ್ಪ್ರಿಂಗ್ ತರ ತಡೆಯುತ್ತೆ, ಆದ್ರೆ ತೀರಾ ಕಮ್ಮಿ ಮಾಡಿದ್ರೆ ಎಣ್ಣೆ ಸೋರದ ಹಾಗೆ ತಡೆಯೋ ಸೀಲ್ ಕಿತ್ಕೊಂಡು ಬರುತ್ತೆ.

ನಾನು 15 ಡಬ್ಲ್ಯೂಗೆ ನಿಂತಿದ್ದೀನಿ. ಬ್ರೇಕ್ ಹಿಡಿದ್ರೆ ಮೂತಿ ಈಗ್ಲೂ ಸ್ವಲ್ಪ ಬಗ್ಗುತ್ತೆ, ಬಗ್ಲಿ ಬಿಡಿ, ಮುಂಗೈ ನೋವಂತೂ ಹೋಯ್ತು.