ಬಿದ್ರಿಯ ಹನ್ನೆರಡು ಚಿತ್ರಗಳು: ಆಷಾಢದ ಕೆಲಸದ ದಿನಚರಿ

ಆಷಾಢದ ಮೊದಲ ವಾರ

ಮದುವೆಗಳ ಗದ್ದಲ ಮುಗಿದು, ಕೊನೆಯ ಕರಿಷ್ಮಾ ಆಲ್ಬಂ ಮೊನ್ನೆ ಗಿರಾಕಿಯ ಕೈ ಸೇರಿತು. ಇನ್ನು ಶ್ರಾವಣದವರೆಗೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಚಿತ್ರಗಳದೇ ಕೆಲಸ. ಪ್ರತಿ ವರ್ಷ ಈ ದಿನಗಳನ್ನು ಹಳೆಯ ಬಾಕಿ ವಸೂಲಿಗೆ ಕಳೆಯುತ್ತಿದ್ದೆ. ಈ ಸಲ ಅವನ್ನು ಬಿದ್ರಿಗೆ, ಅಂದರೆ ಕಪ್ಪು ಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂರಿಸುವ ನಮ್ಮೂರ ಕಲೆಗೆ, ಎತ್ತಿಟ್ಟಿದ್ದೇನೆ.

ಹದಿನಾಲ್ಕು ವರ್ಷದಿಂದ ಬೀದರಿನಲ್ಲಿ ಇದೇ ಕಸುಬು. ನನ್ನ ಸ್ಟುಡಿಯೋದ ಗಾಜಿನ ಹಿಂದೆ ಇರುವುದೆಲ್ಲ ವಧೂವರರ ಚಿತ್ರಗಳು, ಆದ್ದರಿಂದ ಬಾಗಿಲು ತಳ್ಳಿಕೊಂಡು ಬರುವವರೂ ಮದುವೆ ಮನೆಯವರೇ. ಗೋಡೆಗೆ ಏನು ತೂಗುಹಾಕುತ್ತೇವೋ ಅದೇ ಕೆಲಸ ಬರುತ್ತದೆ ಎಂಬುದು ನಮ್ಮ ವೃತ್ತಿಯ ದೊಡ್ಡ ಸತ್ಯ. ವಸ್ತುಗಳ ಚಿತ್ರ ತೆಗೆಯುವ ಕೆಲಸ ಬೇಕಾದರೆ ಮೊದಲು ಅಂಥ ಚಿತ್ರಗಳನ್ನು ನಾನೇ ಮಾಡಿ ತೋರಿಸಬೇಕು. ನಮ್ಮೂರಲ್ಲಿದ್ದುಕೊಂಡು ಆ ವಸ್ತು ಯಾವುದು ಎಂದು ಹುಡುಕುತ್ತ ಅಲೆಯಬೇಕಾಗಿಲ್ಲ.

ಯೋಜನೆ ಇಷ್ಟು: ಹನ್ನೆರಡು ಬಿದ್ರಿ ಪಾತ್ರೆಗಳು, ಹನ್ನೆರಡು ಚಿತ್ರಗಳು, ಒಂದು ಸಣ್ಣ ಮುದ್ರಿತ ಪುಸ್ತಕ. ಹದಿನೈದು ಪ್ರತಿ ತೆಗೆಸಿ ಕರಕುಶಲ ವಸ್ತುಗಳ ಮಳಿಗೆಗಳಿಗೆ, ಹೋಟೆಲುಗಳಿಗೆ, ರಫ್ತು ಮಾಡುವವರಿಗೆ ನಾನೇ ಹೋಗಿ ಅಥವಾ ಅಂಚೆಯಲ್ಲಿ ತಲುಪಿಸುವುದು.

ಎರಡನೆಯ ವಾರ

ಊರಿನ ಚೌಬಾರ ಗೋಪುರದ ಕಡೆಯ ಒಬ್ಬ ಬಿದ್ರಿ ಕುಶಲಕರ್ಮಿ ಒಪ್ಪಿದರು. ಕ್ಯಾಮೆರಾ ಹೊರಗೆ ತೆಗೆಯದೆ ಎರಡು ದಿನ ಅವರ ಪಕ್ಕದಲ್ಲಿ ಕೂತಿದ್ದೆ. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಮೊನೆಯಿಂದ ಬಳ್ಳಿ ಬರೆದು, ಉಳಿಯಿಂದ ಕೊರೆದು, ಕೊರೆದ ಗೆರೆಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಮತ್ತೆ ಅರ ತಾಗಿಸಿದಾಗ ಕಪ್ಪೆಲ್ಲ ಹೋಗಿ ಪಾತ್ರೆ ಪೂರ್ತಿ ಬೂದುಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಎಲ್ಲಿದೆ, ಸತು ಎಲ್ಲಿದೆ ಎಂದು ಕಣ್ಣಿಗೆ ತಿಳಿಯುವುದೇ ಕಷ್ಟ.

ಕೊನೆಗೆ ಕೋಟೆಯ ಮಣ್ಣು. ಶತಮಾನಗಳಿಂದ ಬಿಸಿಲು ಮಳೆ ತಾಗದ ಜಾಗದ ಮಣ್ಣು ಅದು. ಅವರು ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟು ರುಚಿ ನೋಡಿ, ಸರಿಯಿದೆ ಎಂದು ತಲೆದೂಗಿದರು. ನವಸಾಗರ ಬೆರೆಸಿ ಕಲಸಿದ ಆ ಮಣ್ಣನ್ನು ಬಿಸಿ ಪಾತ್ರೆಗೆ ಉಜ್ಜಿದಂತೆ ಮೂಗಿಗೆ ಘಾಟು ಹತ್ತಿತು, ಬೂದು ಮೈ ಕಣ್ಣೆದುರೇ ಕಾಡಿಗೆಯಾಯಿತು. ಬೆಳ್ಳಿ ಮಾತ್ರ ಹಾಗೇ ಉಳಿಯಿತು. ಇಷ್ಟು ವರ್ಷ ಈ ಊರಲ್ಲಿದ್ದೂ ನಾನು ಇದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅವರ ಜತೆ ಒಂದು ಪುಟದ ಒಪ್ಪಂದ ಬರೆದುಕೊಂಡೆ. ಪಾತ್ರೆ ಮಾರಲು ಚಿತ್ರಗಳನ್ನು ಅವರು ಹಣವಿಲ್ಲದೆ ಬಳಸಬಹುದು, ನನ್ನ ಪ್ರಚಾರಕ್ಕೆ ನಾನು ಬಳಸಬಹುದು, ಮೂರನೆಯವರಿಗೆ ಕೊಡುವ ಮುನ್ನ ಇಬ್ಬರೂ ಒಪ್ಪಬೇಕು. ಕಾಗದದ ಬೆಲೆ ನನಗೆ ಪೆಟ್ಟು ತಿಂದ ಮೇಲೆ ತಿಳಿಯಿತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ. ಹಿಂದೊಮ್ಮೆ ಒಂದು ಅಂಗಡಿಗೆ ಒಂದು ದಿನದ ಕೂಲಿಗೆ ತೆಗೆದುಕೊಟ್ಟ ಚಿತ್ರಗಳು ಊರ ತುಂಬ ಫಲಕಗಳಾದವು. ಕೇಳಲು ಹೋದರೆ ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಈಗ ದರಪಟ್ಟಿಯಲ್ಲಿ ಚಿತ್ರೀಕರಣದ ಕೂಲಿ ಬೇರೆ, ಬಳಕೆಯ ಹಕ್ಕು ಬೇರೆ ಎಂದು ಎರಡು ಸಾಲು ಬರೆಯುತ್ತೇನೆ. ಹೊಸದಾಗಿ ಈ ಕಸುಬಿಗೆ ಇಳಿದ ಹುಡುಗರಿಗೆ ಕ್ಯಾಮೆರಾಕ್ಕಿಂತ ಮೊದಲು ಇದನ್ನೇ ಹೇಳಿಕೊಡುತ್ತಿದ್ದೇನೆ.

ಮೂರನೆಯ ವಾರ

ಬೆಳಕಿನ ಜತೆ ಗುದ್ದಾಟ. ಮದುವೆಯ ದೀಪಗಳನ್ನು ಹಚ್ಚಿದರೆ ಬೆಳ್ಳಿ ಸುಟ್ಟು ಬೆಳ್ಳಗಾಗುತ್ತದೆ. ತಗ್ಗಿಸಿದರೆ ಹೂಜಿಯ ಆಕಾರವೇ ಕತ್ತಲಲ್ಲಿ ಕರಗುತ್ತದೆ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಬೂದು ಎಂದೇ ಎಣಿಸುವುದರಿಂದ ಕಾಡಿಗೆ ಕಪ್ಪನ್ನೂ ಮಾಸಲು ಮಾಡುತ್ತದೆ. ಅದಕ್ಕೆ ಬೆಳಕನ್ನು ಒಂದೂವರೆ ಸ್ಟಾಪ್ ಇಳಿಸಿಕೊಂಡೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ).

ಪ್ರತಿಫಲನ ಅಳಿಸಲು ದೀಪಕ್ಕೆ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ, ಅಂದರೆ ಧ್ರುವೀಕೃತ ಬೆಳಕನ್ನು ಮಾತ್ರ ಬಿಡುವ ಹಾಳೆ) ಕಟ್ಟಿ, ಮಸೂರದ ಪೋಲರೈಸರನ್ನು ಅದಕ್ಕೆ ಅಡ್ಡವಾಗಿ ತಿರುಗಿಸಿದೆ. ಕಪ್ಪು ಮೈಯ ಮೇಲಿನ ಹೊಳಪು ಹೋಯಿತು, ಜತೆಗೆ ಬೆಳ್ಳಿಯೂ ಸೀಸದಂತೆ ಸತ್ತುಹೋಯಿತು. ಲೋಹ ತನಗೆ ಬಿದ್ದ ಧ್ರುವೀಕೃತ ಬೆಳಕನ್ನು ಹಾಗೇ ಹಿಂತಿರುಗಿಸುತ್ತದೆ, ಅಡ್ಡ ನಿಂತ ಪೋಲರೈಸರ್ ಅದನ್ನು ಪೂರ್ತಿ ತಡೆಯುತ್ತದೆ. ಎರಡು ದಿನ ವ್ಯರ್ಥವಾದರೂ ಒಂದು ಮಾತು ಖಚಿತವಾಯಿತು: ಬೆಳ್ಳಿ ಹೊಳೆಯಬೇಕಾದರೆ ಅದಕ್ಕೆ ನೋಡಲು ಏನಾದರೂ ಬೆಳ್ಳಗಿನದು ಎದುರಿಗೆ ಇರಬೇಕು.

ಕೊನೆಗೆ ನೆರವಾದದ್ದು ಅಪ್ಪನ ಹಳೆಯ ಮಲ್ ಧೋತ್ರ. ಅದನ್ನು ಚೌಕಟ್ಟಿಗೆ ಬಿಗಿದು, ಹಿಂದಿನಿಂದ ಒಂದೇ ದೀಪ ಹಾಯಿಸಿ, ಹೂಜಿಯ ಇನ್ನೊಂದು ಬದಿಗೆ ಕಪ್ಪು ರಟ್ಟು ನಿಲ್ಲಿಸಿದೆ. ಕೆಳಗೆ ಹಾಸಿದ್ದು ನಮ್ಮ ಬೀದರಿನ ಜಂಬಿಟ್ಟಿಗೆ ಕಲ್ಲಿನ ಒಂದು ಚಪ್ಪಡಿ. ಆ ಕೆಂಪು ಒರಟು ಕಲ್ಲಿನ ಮೇಲೆ ಬಿದ್ರಿಯ ಕಪ್ಪು ಹೇಗೆ ಕೂತಿತೆಂದರೆ, ಆ ರಾತ್ರಿ ನಾನು ಊಟಕ್ಕೆ ಏಳಲಿಲ್ಲ. ಬೆಳಗಾಗುವುದರೊಳಗೆ ನಾಲ್ಕು ಚಿತ್ರಗಳು ಸಿದ್ಧವಾಗಿದ್ದವು.

ನಾಲ್ಕನೆಯ ವಾರ

ಹನ್ನೊಂದು ಆದವು. ಕಂಪ್ಯೂಟರ್ ಪರದೆಯಲ್ಲಿ ಚೆಂದ ಕಂಡ ನೆರಳುಗಳು ಮ್ಯಾಟ್ ಕಾಗದದ ಮೇಲೆ ಮುದ್ದೆಗಟ್ಟಿದವು. ನೆರಳಿನ ಭಾಗವನ್ನು ಸ್ವಲ್ಪ ಎತ್ತಿ, ಹೊಳಪು ಕಾಗದದ ಮೇಲೆ ಮತ್ತೆ ಮುದ್ರಿಸಿದ ಮೇಲೆ ಸರಿಯಾಯಿತು. ಪ್ರತಿ ಕಡತದ ಒಳಗೂ ನನ್ನ ಹೆಸರು, ಮೊಬೈಲ್ ಸಂಖ್ಯೆ ಸೇರಿಸಿದ್ದೇನೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿಯೇ ಕಳುಹಿಸುತ್ತಿದ್ದೇನೆ.

ಪ್ರಚಾರ ಮಾಡಿಕೊಳ್ಳುವುದೆಂದರೆ ನಮ್ಮಲ್ಲಿ ಅನೇಕರಿಗೆ ಈಗಲೂ ಸಂಕೋಚ. ನನಗೆ ಧೈರ್ಯ ಕೊಟ್ಟವರು ರಾಜಾ ದೀನ್ ದಯಾಳ್. ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದ ಆಸ್ಥಾನ ಛಾಯಾಗ್ರಾಹಕ ಅವರು. ಅಷ್ಟು ದೊಡ್ಡ ಪದವಿ ಇದ್ದರೂ ಗಿರಾಕಿಗಳು ತಾವಾಗಿ ಬರಲಿ ಎಂದು ಕೂರಲಿಲ್ಲ. ಪರದೆಯ ಹೆಂಗಸರು ಸ್ಟುಡಿಯೋಕ್ಕೆ ಬರಲಾರರು ಎಂದು ಅರಿತು, 1892ರಲ್ಲಿ ಹೈದರಾಬಾದಿನಲ್ಲಿ ಅವರಿಗೆಂದೇ ಜನಾನಾ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಮಹಿಳೆಯ ಕೈಗೇ ಒಪ್ಪಿಸಿದರು. ಬರಲಾಗದವರು ಯಾರು ಎಂದು ನಾನೂ ಕೇಳಿಕೊಂಡೆ. ದೂರದ ಊರಿನ ಖರೀದಿದಾರರು ಬೀದರಿನ ಓಣಿಗೆ ಬರಲಾರರು, ಇಲ್ಲಿನ ಕುಶಲಕರ್ಮಿಗೆ ಕ್ಯಾಟಲಾಗ್ ಮಾಡಿಸುವಷ್ಟು ಬಿಡುವಿಲ್ಲ, ಹಣವೂ ಇಲ್ಲ. ಆ ನಡುವಿನ ಜಾಗದಲ್ಲಿ ನನಗೆ ಕೆಲಸವಿದೆ.

ಬಿದ್ರಿಗೆ 2006ರಲ್ಲೇ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. 2023ರಲ್ಲಿ ನಮ್ಮೂರಿನ ಬಿದ್ರಿ ಕುಶಲಕರ್ಮಿ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇಂಥ ಹೆಸರಿನ ಕಲೆಯ ಪಾತ್ರೆಗಳನ್ನು ಮೊಬೈಲಿನ ಫ್ಲಾಷ್‌ನಲ್ಲಿ ತೆಗೆದು, ಮಬ್ಬು ಚಿತ್ರವಾಗಿ ಮಾರಾಟಕ್ಕೆ ಇಟ್ಟಿದ್ದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಶ್ರಾವಣದ ಮೊದಲ ಸೋಮವಾರ

ಮಾದರಿ ಪ್ರತಿಯನ್ನು ಕುಶಲಕರ್ಮಿಗೆ ತೋರಿಸಲು ಹೋಗಿದ್ದೆ. ಒಂದೊಂದೇ ಪುಟ ತಿರುವಿದರು. ಏಳನೆಯ ಚಿತ್ರದಲ್ಲಿ, ನಾನು ಮುಖಪುಟಕ್ಕೆಂದು ಆರಿಸಿದ್ದ ಅದೇ ತಾರ್‌ಕಶಿ (ತಂತಿ ಕೂರಿಸಿದ) ಹೂಜಿಯಲ್ಲಿ, ಬೆರಳು ನಿಂತಿತು. "ಇಲ್ಲಿ ತಂತಿ ಮೇಲೆದ್ದಂತೆ ಕಾಣುತ್ತಿದೆ" ಎಂದರು. ಬಳ್ಳಿಗೆ ಉಬ್ಬು ಬರಲೆಂದು ಪಕ್ಕದಿಂದ ತಗ್ಗಿನಲ್ಲಿ ಬೆಳಕು ಬಿಟ್ಟಿದ್ದೆ, ನನಗೆ ಅದೇ ಬಹಳ ಇಷ್ಟವಾಗಿತ್ತು. ಅವರು ಒಳಗಿನಿಂದ ಅದೇ ಹೂಜಿ ತಂದು ನನ್ನ ಹೆಬ್ಬೆರಳನ್ನು ಅದರ ಮೇಲೆ ಆಡಿಸಿದರು. ಕಣ್ಣು ಮುಚ್ಚಿಕೊಂಡರೆ ಬೆಳ್ಳಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ತಿಳಿಯಲೇ ಇಲ್ಲ. ತಂತಿ ಬೆರಳಿಗೆ ತಾಕಿದರೆ ಅದು ಕೆಟ್ಟ ಕೆಲಸವಂತೆ, ಕೊಳ್ಳುವವರು ಮೊದಲು ನೋಡುವುದೇ ಅದನ್ನಂತೆ. ನನ್ನ ಅತಿ ಚೆಂದದ ಚಿತ್ರ ಅವರ ಕೆಲಸದ ಬಗ್ಗೆ ಸುಳ್ಳು ಹೇಳುತ್ತಿತ್ತು.

ಬುಧವಾರ ರಾತ್ರಿ

ಹೂಜಿಗೆ ತೆಳುವಾಗಿ ಎಣ್ಣೆ ಸವರಿ, ಧೋತ್ರದ ಹಿಂದಿನ ದೀಪವನ್ನು ಕಿರಿದಾದ ಉದ್ದ ಪಟ್ಟಿಯಾಗಿಸಿದೆ. ಆ ಬೆಳಕಿನ ಗೆರೆ ಕತ್ತಿನಿಂದ ತಳದವರೆಗೆ, ಕಪ್ಪಿನ ಮೇಲೂ ಬೆಳ್ಳಿಯ ಮೇಲೂ ಎಲ್ಲಿಯೂ ತುಂಡಾಗದೆ ಇಳಿಯಬೇಕು. ಇಳಿದರೆ ಮೈ ಸಮವಾಗಿದೆ ಎಂದು ಕಣ್ಣಿಗೇ ತಿಳಿಯುತ್ತದೆ. ಇಪ್ಪತ್ತಾರನೆಯ ಸಲ ಇಳಿಯಿತು. ಒಂದು ಕಡೆ ನನ್ನ ಬೆರಳಚ್ಚು ಉಳಿದಿದೆ, ನಾಳೆ ಒರೆಸಿ ಮತ್ತೆ ತೆಗೆಯಬೇಕು. ಹನ್ನೆರಡನೆಯದು ಅಫ್ತಾಬಿ ತಟ್ಟೆ (ಬೆಳ್ಳಿಯ ಹಾಳೆಯಲ್ಲಿ ಕತ್ತರಿಸಿದ ಚಿತ್ತಾರ ಕಪ್ಪಾಗಿ ಕಾಣುವಂಥದ್ದು), ಅದು ಶನಿವಾರ ಸಿಗುತ್ತದೆ. ಅದಾದ ಮೇಲೆ ಹದಿನೈದು ಪ್ರತಿ ಮುದ್ರಣಕ್ಕೆ ಹೋಗುತ್ತವೆ.