ತೀನ್ ಕಂದೀಲ್ ಹತ್ತಿರ, ಮೈಕ್ರೋಸ್ಕೋಪಿನ ಕೆಳಗೆ

ಅಪ್ಪನ ಫೋನಿಗೆ ವಾರದಿಂದ ಸಿಗ್ನಲ್ಲೇ ಇರಲಿಲ್ಲ. ಇವತ್ತು ರಾಯಚೂರಿನ ತೀನ್ ಕಂದೀಲ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಬೋರ್ಡ್ ಬಿಚ್ಚಿ ಮೈಕ್ರೋಸ್ಕೋಪಿನ ಕೆಳಗಿಟ್ಟು, "ಅಣ್ಣಾ, ನೆಟ್‌ವರ್ಕ್ ಐಸಿ ಹೋಗ್ಯಾದ ನೋಡ್ರಿ" ಅಂದ. ಬಗ್ಗಿ ನೋಡಿದೆ. ಜೋಳದ ಕಾಳಿಗಿಂತ ತುಸು ದೊಡ್ಡ ಕಪ್ಪು ಚೌಕ, ಅಂಚಿಗೆ ಹಸಿರು ತುಕ್ಕು.

ಫೋನನ್ನು ಟವರಿಗೆ ಜೋಡಿಸೋ ಇಂಥ ಚೌಕದ ಮುಂದೆ ಎಂಥೆಂಥವರು ಸೋತಿದ್ದಾರೆ! ಕಂಪ್ಯೂಟರ್ ಚಿಪ್ಪಿನ ದೊರೆ ಇಂಟೆಲ್, 2011ರಲ್ಲಿ ಜರ್ಮನಿಯ ಚಿಪ್ ಕಂಪನಿ ಇನ್‌ಫಿನಿಯಾನ್‌ನ ವೈರ್‌ಲೆಸ್ ವಿಭಾಗವನ್ನು ಸುಮಾರು 140 ಕೋಟಿ ಡಾಲರಿಗೆ ಕೊಂಡು ವರ್ಷಗಟ್ಟಲೆ ಹೆಣಗಿತು. 2019ರ ಏಪ್ರಿಲ್‌ನಲ್ಲಿ ಅದರ ಗಿರಾಕಿ ಆಪಲ್ ಮತ್ತು ಎದುರಾಳಿ ಚಿಪ್ ಕಂಪನಿ ಕ್ವಾಲ್‌ಕಾಮ್ ಕೋರ್ಟ್ ಜಗಳ ಬಿಟ್ಟು ರಾಜಿಯಾದ ದಿನವೇ ಇಂಟೆಲ್ ಫೋನಿನ 5ಜಿ ಮೋಡೆಮ್, ಅಂದ್ರೆ ಟವರಿನ ಜೊತೆ ಮಾತಾಡೋ ಚಿಪ್ಪಿನ ಕೆಲಸ ಕೈಬಿಟ್ಟಿತು. ಆ ವ್ಯವಹಾರವನ್ನು 100 ಕೋಟಿ ಡಾಲರಿಗೆ ಕೊಂಡ ಆಪಲ್‌ಗೂ ಮೊದಲ ಸ್ವಂತ ಮೋಡೆಮ್ ಸಿ1 ಹೊರತರೋದ್ರಲ್ಲಿ 2025 ಬಂತು. ಸುಲಭವಲ್ಲ ಅದು. ಹಳೆ 2ಜಿಯಿಂದ 5ಜಿವರೆಗೆ, ಯಾವ ದೇಶದ ಯಾವ ಟವರ್ ಸಿಕ್ಕರೂ ಮಾತಾಡಬೇಕು, ಬ್ಯಾಟರಿಯನ್ನೂ ತಿನ್ನಬಾರದು. ಆ ಎಂಜಿನಿಯರುಗಳ ಬಗ್ಗೆ ನನಗೆ ನಿಜಕ್ಕೂ ಗೌರವ.

ಟವರಿನವರ ಪಾಡೂ ಅದೇ. 2016ರಲ್ಲಿ ಜಿಯೊ ಬಂದ ಮೇಲೆ ನಡೆದ ದರದ ಪೈಪೋಟಿಯಲ್ಲಿ ವೊಡಾಫೋನ್, ಐಡಿಯಾದಂಥವರೇ 2018ರಲ್ಲಿ ಒಂದಾದರು.

ಫೋನಿನ ಕವರ್ ತೆಗೆದಾಗ ಒಳಗಿಂದ ಒಂದು ಸಿಮ್ ಬಿತ್ತು. ಮುಚ್ಚಿಹೋದ ಕಂಪನಿಯದು. ಆ ನಂಬರಿಗೇ ಊರವರೆಲ್ಲ ಫೋನ್ ಮಾಡಿ ಎಪಿಎಂಸಿಯಲ್ಲಿ ಹತ್ತಿ ರೇಟೆಷ್ಟು ಅಂತ ಅಪ್ಪನ್ನ ಕೇಳ್ತಿದ್ದರು.

"ಇದನ್ನ ಒಗೀಲೇನ್ರಿ?" ಅಂದ ಹುಡುಗ. ಬ್ಯಾಡ ಅಂದು, ಅದೇ ಕವರಿನೊಳಗೆ ಹಾಕಿಸಿಕೊಂಡು ಬಂದೆ.